ಷರಾ

ಮಾರ್ಚಿ ಹದಿನೆಂಟು. ಗುಡ್ಡದ ಬುಡದ ಶಾಲೆಯ ತಾರಸಿಗೆ
ಧೂಳಳೆಯುವ ಯಂತ್ರವನ್ನು ಹಗ್ಗ ಕಟ್ಟಿ ಏರಿಸಿದೆವು.
ಇಪ್ಪತ್ತನಾಲ್ಕು ತಾಸು ಅದು ಊರಿನ ಉಸಿರೆಳೆಯಬೇಕು,
ಬಿಳಿ ಕಾಗದದ ಮೇಲೆ ಕೂತದ್ದು
ಮೈಕ್ರೋಗ್ರಾಂ ಲೆಕ್ಕದಲ್ಲಿ ನನ್ನ ನಮೂನೆಗೆ ಇಳಿಯಬೇಕು.

ಹನ್ನೊಂದಕ್ಕೆ ಬಿಸಿಯೂಟದ ಒಲೆ ಹೊತ್ತಿತು.
ಗ್ಯಾಸು ಬಂದು ತಿಂಗಳಾಯಿತಂತೆ. ಹಸಿ ಅಕೇಶಿಯಾ ಕಟ್ಟಿಗೆ.
ಕಾಗದ ಕಪ್ಪಾಯಿತು.
ಫೋನಿನಲ್ಲಿ ಸಾಹೇಬರಿಗೆ ಖುಷಿ:
"ಈಗಲೇ ಇಷ್ಟಿದೆ ಅಂತ ಬರಿ. ಮೇಲೆ ನಮ್ಮದು ಎಷ್ಟು ಬಿದ್ದರೂ
ಚಿಟಿಕೆ ಥರ ಕಾಣುತ್ತೆ."
ಅಡುಗೆಯ ಹುಚ್ಚಮ್ಮ ಊದುಕೊಳವೆ ಕೆಳಗಿಟ್ಟು
ತಾರಸಿಯ ಕಡೆ ಕತ್ತೆತ್ತಿ ಕೇಳಿದಳು:
"ನನ್ನ ಒಲೆನೂ ಬರ್ಕಂಡ್ರಾ?"

ಬರೆದುಕೊಂಡಿದ್ದೆ.

ಮಧ್ಯಾಹ್ನ ತಾಂಡಾದಿಂದ ಸೋಮ್ಲಾ ನಾಯ್ಕರು ಬಂದರು, ಛತ್ರಿ ಊರಿಕೊಂಡು.
ಹತ್ತು ವರ್ಷದವರಿದ್ದಾಗ ಹಳೇ ಗಣಿಯಲ್ಲಿ ಪುಟ್ಟಿ ಹೊತ್ತವರು.
ಮ್ಯಾಂಗನೀಸು ಎನ್ನುವುದಿಲ್ಲ, ಕರಿಕಲ್ಲು ಎನ್ನುತ್ತಾರೆ.
"ದಿನಕ್ಕೆ ನಾಲ್ಕಾಣೆ. ನಮ್ಮವ್ವ ಬಾಟಿ ತಟ್ಟಿದ್ರೆ
ಬಾಟಿ ಮೇಲೆ ಐದೂ ಬೆರಳು ಮೂಡೋವು, ಕರ್ರಗೆ.
ಅದನ್ನೇ ತಿಂದ್ವಿ."
ಆ ಕಂಪನಿ ಬಿಟ್ಟುಹೋದ ಹೊಂಡ ತೋರಿಸಿದರು:
ಹಸಿರು ನೀರು. ಬೇಲಿಯಿಲ್ಲ. ದಂಡೆಯಲ್ಲೊಂದು ಟ್ರಾಲಿಯ ಚಕ್ರ,
ಅದರ ನಡುವಿನಿಂದ ಎದ್ದು, ಅದನ್ನೇ ನುಂಗುತ್ತಿರುವ ಮತ್ತಿಮರ.
"ಮುಚ್ಚಿಕೊಡ್ತೀವಿ ಅಂದಿದ್ರು."
ಆಳ ಎಷ್ಟು ಎಂದೆ.
"ಎರಡು ಎಮ್ಮೆ," ಎಂದರು.
ಮೀಟರಿಗೆ ಹೇಗೆ ತಿರುಗಿಸುವುದು ತಿಳಿಯಲಿಲ್ಲ.

ಹಳ್ಳ ಅಂತ ನಕ್ಷೆಯಲ್ಲಿ ನೀಲಿ ಇರುವಲ್ಲಿ
ಒಣ ಉರುಟುಗಲ್ಲು, ಏಡಿಯ ಬಿಲ, ಯಾರದೋ ಒಂಟಿ ಚಪ್ಪಲಿ.
ಬಾಟಲಿ ಹಾಗೇ ಚೀಲದಲ್ಲುಳಿಯಿತು.
ಗುತ್ತಿಗೆ ಪ್ರದೇಶದಲ್ಲಿ ಹರಿಯುವ ನೀರು ಉಂಟೆ?
ನಮೂನೆಯಲ್ಲಿ ಎರಡೇ ಚೌಕ: ಹೌದು. ಇಲ್ಲ.
ನಾಯ್ಕರು ಛತ್ರಿಯ ಮೊನೆಯನ್ನು ದಡದ ಮರಕ್ಕೆ ಒತ್ತಿದರು,
ನನ್ನ ಎದೆಮಟ್ಟಕ್ಕೆ ಒಂದು ಕೆಸರಿನ ಗೆರೆ,
ತೊಗಟೆಯ ಬಿರುಕಿಗೆ ಸಿಕ್ಕಿಕೊಂಡ ಹೋದ ವರ್ಷದ ಹುಲ್ಲು.
"ಆರಿದ್ರೆ ಮಳೇಲಿ ಬರ್ರಿ. ನೀವು ಆ ದಡ, ನಾನು ಈ ದಡ.
ಕೂಗಿದ್ರೂ ಕೇಳ್ಸಾಕಿಲ್ಲ."

ನನ್ನ ಕಾರ್ಯಾದೇಶ ಮಾರ್ಚಿ ಮೂವತ್ತೊಂದಕ್ಕೆ ಮುಗಿಯುತ್ತದೆ.

ಜೀಪಿನ ಹತ್ತಿರ ಅವರ ಮೊಮ್ಮಗ ಗೋಪ್ಯಾ ಕಾದಿದ್ದ.
ಐಟಿಐ ಫಿಟ್ಟರ್; ಎರಡು ವರ್ಷದಿಂದ ಕಾಫಿ ಕೊಯ್ಲಿಗೆ ಹೋಗುತ್ತಾನೆ.
ಸರ್ಟಿಫಿಕೇಟಿನ ಜೆರಾಕ್ಸ್ ಪ್ಲಾಸ್ಟಿಕ್ಕಿನಲ್ಲಿತ್ತು, ನನಗೇ ಕೊಟ್ಟ.
"ಯಾವಾಗ ಶುರು ಆಗತ್ತಣ್ಣ?"
ನಾನು ತಗೊಳ್ಳುವವನಲ್ಲ ಮಾರಾಯ, ಅಳೆಯುವವನು ಅಂದೆ.
ಅವನು ವಾಪಸು ಇಸ್ಕೊಳ್ಳಲಿಲ್ಲ.
ಅಜ್ಜ ಗದರಬಹುದು ಎಂದುಕೊಂಡೆ. ಗದರಲಿಲ್ಲ.
ಛತ್ರಿ ಬಿಚ್ಚಿದರು, ಮಡಿಸಿದರು.

ರಾತ್ರಿ ಶಿವಮೊಗ್ಗ, ಬಸ್‌ಸ್ಟ್ಯಾಂಡಿನ ಹಿಂದಿನ ಲಾಡ್ಜು.
ನಿರ್ವಹಣಾ ಯೋಜನೆಯ ಕರಡು ಸಾಹೇಬರು ಕಳಿಸಿದ್ದಾರೆ, ಆಗಲೇ ಸಿದ್ಧ:
ಮೂರು ಸಾಲು ಹಸಿರು ಪಟ್ಟಿ. ಮೇಲ್ಮಣ್ಣು ಬೇರೆ ರಾಶಿ ಹಾಕತಕ್ಕದ್ದು.
ದಾರಿಗೆ ದಿನಕ್ಕೆ ಆರು ಟ್ಯಾಂಕರ್ ನೀರು ಚಿಮುಕಿಸತಕ್ಕದ್ದು.
ಆರು ಟ್ಯಾಂಕರ್ ಎಲ್ಲಿಂದ ಎಂಬ ಕಾಲಂ ಹುಡುಕಿದೆ.
ಇರಲಿಲ್ಲ.
ಊರ ಹೆಸರಿನ ಜಾಗದಲ್ಲಿ ಬಳ್ಳಾರಿ ಕಡೆಯ ಒಂದು ಊರು,
ಅಳಿಸಲು ಮರೆತದ್ದು.

ಕೊನೆಯ ಕಾಲಂ ಷರಾ. ಹೆಬ್ಬೆರಳಿನಷ್ಟು ಅಗಲ.
ಹದಿಮೂರು ವರ್ಷ, ಆರು ಜಿಲ್ಲೆ,
ಅಲ್ಲಿ ನಾನು ಅಡ್ಡಗೆರೆ ಎಳೆದು ಮುಂದೆ ಹೋದವನು.
ಈ ಸಲವೂ ಸ್ಕೇಲು ಇಟ್ಟೆ. ಬೆರಳಲ್ಲಿ ಹುಚ್ಚಮ್ಮನ ಒಲೆಯ ಮಸಿ
ಸೋಪಿಗೆ ಹೋಗದೆ ಉಳಿದದ್ದು ಕಂಡಿತು.

ಸ್ಕೇಲು ತೆಗೆದು ಸಣ್ಣ ಅಕ್ಷರದಲ್ಲಿ ಬರೆದೆ:
ಒಲೆಯನ್ನು ಕಳೆದು ಓದುವುದು.
ಹಳ್ಳ ಇದೆ. ಮರದ ಮೇಲೆ ಗೆರೆ, ನೆಲದಿಂದ ನೂರಮೂವತ್ತೆರಡು ಸೆಂ.ಮೀ.
ಜುಲೈಯಲ್ಲಿ ಮತ್ತೆ ಅಳೆಯತಕ್ಕದ್ದು.
ಹಳೇ ಹೊಂಡದ ಆಳ ಎರಡು ಎಮ್ಮೆ.
ಫಿಟ್ಟರ್ ಒಬ್ಬ ಇದ್ದಾನೆ, ಸರ್ಟಿಫಿಕೇಟ್ ಲಗತ್ತಿಸಿದೆ.

ಸಾಹೇಬರು ಹೊಡೆದುಹಾಕಬಹುದು. ಹಾಕಲಿ,
ಕೆಂಪು ಶಾಯಿ ಅವರದ್ದು.
ಕಾಲಂ ಸಾಲಲಿಲ್ಲ.
ಹಾಳೆ ತಿರುವಿದೆ.